ಕಡಬದ ದಾರಿಗೆ ಯಾವ ದನಿ?

ಉಪ್ಪಿನಂಗಡಿಯಿಂದ ಸುಬ್ರಹ್ಮಣ್ಯದ ದಾರಿ ಹಿಡಿದ ಬಸ್ಸು ಆತೂರು, ಆಲಂಕಾರು, ಕುಂತೂರುಗಳನ್ನು ಹಿಂದೆ ಹಾಕಿ ಹೊಸ್ಮಠದ ಸೇತುವೆಯ ಮೇಲೆ ಬಂತೆಂದರೆ ಕಡಬ ಪೇಟೆ ಇನ್ನೇನು ಬಂದೇ ಬಿಟ್ಟಿತು. ಎಡಬಲಗಳಲ್ಲಿ ಅಡಿಕೆ ತೋಟ, ಗುಡ್ಡದ ಮೈಗೆ ಸಾಲು ಹಿಡಿದು ನಿಂತ ರಬ್ಬರ್ ಮರಗಳು, ದೂರದಲ್ಲಿ ಘಟ್ಟದ ನೀಲಿ ಗೆರೆ. ಮಳೆಗಾಲದಲ್ಲಿ ಹೊಳೆ ಉಕ್ಕಿ ಹಳೆಯ ಮುಳುಗು ಸೇತುವೆಯ ಮೇಲೆ ಹರಿದಾಗ ಬಸ್ಸುಗಳು ಎರಡೂ ದಡಗಳಲ್ಲಿ ಕಾದು ನಿಲ್ಲುತ್ತಿದ್ದ ಕಾಲವೊಂದಿತ್ತು. ಎತ್ತರದ ಹೊಸ ಸೇತುವೆ ಆದ ಮೇಲೆ ಆ ಕಾಯುವಿಕೆ ತಪ್ಪಿದೆ. ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳನ್ನು ಕೂಡಿಸಿ ಮಾಡಿದ ಈ ಹೊಸ ತಾಲೂಕಿನ ಕೇಂದ್ರ ಕಡಬ. ಹೆಸರು ತಾಲೂಕಿನದಾದರೂ ಪೇಟೆ ಹಳ್ಳಿಯ ಗುಣವನ್ನು ಇನ್ನೂ ಬಿಟ್ಟಿಲ್ಲ.

ಈ ದಾರಿಯನ್ನು ಬಣ್ಣಿಸುವವರೆಲ್ಲ ಹೀಗೆ ಕಣ್ಣಿಗೆ ಕಂಡದ್ದನ್ನೇ ಬಣ್ಣಿಸುತ್ತಾರೆ. ಅದೇ ಬಸ್ಸಿನ ಮುಂದಿನ ಸೀಟಿನಲ್ಲಿ ಕಣ್ಣು ಕಾಣದ ಪ್ರಯಾಣಿಕರೊಬ್ಬರು ಕುಳಿತಿದ್ದಾರೆ ಎಂದಿಟ್ಟುಕೊಳ್ಳಿ. ಅವರಿಗೂ ದಾರಿ ಇದೆ. ತಿರುವುಗಳ ಎಣಿಕೆ ಇದೆ. ಸೇತುವೆಯ ಮೇಲೆ ಚಕ್ರದ ಸದ್ದು ಬದಲಾಗುತ್ತದೆ, ಕಿಟಕಿಯ ಗಾಳಿ ತಣ್ಣಗಾಗುತ್ತದೆ. ರಬ್ಬರ್ ಶೀಟು ಒಣಗಿಸುವ ಕಡೆ ಹುಳಿ ವಾಸನೆ ಬರುತ್ತದೆ. ಉಳಿದದ್ದಕ್ಕೆಲ್ಲ ಈಗ ಅವರ ಕಿಸೆಯಲ್ಲಿ ಮೊಬೈಲ್ ಇದೆ, ಕಿವಿಯಲ್ಲೊಂದು ಇಯರ್‌ಫೋನ್ ಇದೆ. ಪರದೆಯ ಮೇಲೆ ಬೆರಳಾಡಿಸಿದಂತೆ ಅಲ್ಲಿರುವುದನ್ನು ಅದು ಓದಿ ಹೇಳುತ್ತದೆ. ಮಗಳು ಕಳಿಸಿದ ಮೆಸೇಜು, ಬ್ಯಾಂಕಿನ ಸಂದೇಶ, ಪೇಪರಿನ ಸುದ್ದಿ, ಯಾವ ಊರು ಬಂತೆಂಬ ಮಾಹಿತಿ ಎಲ್ಲವೂ ಆ ಒಂದು ದನಿಯ ಮೂಲಕವೇ ಬರಬೇಕು. ಅದು ಮನುಷ್ಯರ ದನಿಯಲ್ಲ, ಯಂತ್ರ ಕಟ್ಟಿದ ದನಿ. ಅಂಥ ದನಿಗಳು ಒಂದಲ್ಲ, ಹಲವು ಇವೆ. ಆಯ್ಕೆ ಮಾಡುವವರು ಕೇಳುವವರೇ. ಮುಂದೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕಿವಿಯೊಳಗೆ ಇರುವುದು ಆ ಆಯ್ಕೆ.

ದನಿಯ ವಿಷಯದಲ್ಲಿ ಅಭಿರುಚಿ ಎಂಬುದು ಈ ಸೀಮೆಗೆ ಹೊಸದೇನಲ್ಲ. ಮಳೆಗಾಲದಲ್ಲಿ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಇಲ್ಲಿನ ದೇವಸ್ಥಾನಗಳಲ್ಲಿ, ಮನೆಗಳ ಚಾವಡಿಗಳಲ್ಲಿ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಮದ್ದಳೆಯ ಪೆಟ್ಟು, ಅರ್ಥಧಾರಿಗಳ ಮಾತು ಇಷ್ಟೇ. ಕಣ್ಣು ಮುಚ್ಚಿ ಕುಳಿತರೂ ನಷ್ಟವಿಲ್ಲದ ಕಲೆ ಅದು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥವನ್ನು ಮೆಚ್ಚಿದವರು, ಮಲ್ಪೆಯ ಸಾಮಗರ ಅರ್ಥವನ್ನು ಮೆಚ್ಚಿದವರು ಎಂದು ಶ್ರೋತೃಗಳಲ್ಲೇ ಪಕ್ಷಗಳಿದ್ದವು. ಪಾತ್ರ ಒಂದೇ, ಪ್ರಸಂಗ ಒಂದೇ. ಆದರೂ ಒಬ್ಬರಿಗೆ ಹಿಡಿಸಿದ ಮಾತಿನ ಧಾಟಿ ಇನ್ನೊಬ್ಬರಿಗೆ ಹಿಡಿಸುತ್ತಿರಲಿಲ್ಲ. ಅಂಥ ಊರಿನವರಿಗೆ ‘ಎಲ್ಲ ಅಂಧರಿಗೂ ಒಂದೇ ಒಳ್ಳೆಯ ದನಿ’ ಎಂದರೆ ನಗು ಬರಬೇಕು.

ಇಂದು ಕೃತಕ ದನಿ ಕೇಳಲು ಕಣ್ಣು ಕಾಣದಿರಬೇಕೆಂದೂ ಇಲ್ಲ. ಕಡಬ ಪೇಟೆಯ ದಿನಸಿ ಅಂಗಡಿಯಲ್ಲಿ ಮೊಬೈಲಿನಿಂದ ದುಡ್ಡು ಕೊಟ್ಟರೆ ಗಲ್ಲಾದ ಬಳಿಯ ಪುಟ್ಟ ಪೆಟ್ಟಿಗೆ ಇಷ್ಟು ರೂಪಾಯಿ ಬಂತೆಂದು ಕೂಗಿ ಹೇಳುತ್ತದೆ. ಮೊದಮೊದಲು ಆ ಪೆಟ್ಟಿಗೆಯಿಂದ ಗುರುತಿಲ್ಲದ ದನಿ ಬರುತ್ತಿತ್ತು. 2024ರಲ್ಲಿ ಫೋನ್‌ಪೇ ಕಂಪನಿ ಕನ್ನಡಕ್ಕೆ ನಟ ಸುದೀಪರ ದನಿಯನ್ನೂ, ಮಲಯಾಳಕ್ಕೆ ಮಮ್ಮೂಟ್ಟಿಯವರದನ್ನೂ ತಂದಿತು. ಒಂದು ಸಾಲಿನ ಲೆಕ್ಕ ಹೇಳುವ ಪೆಟ್ಟಿಗೆಗೇ ತಾರೆಯ ದನಿ ಬೇಕೆನ್ನಿಸಿದರೆ, ಇಡೀ ಜಗತ್ತನ್ನು ಓದಿ ಹೇಳುವ ಪೆಟ್ಟಿಗೆಯ ದನಿಯ ಬಗ್ಗೆ ಅದನ್ನು ನಂಬಿದವರಿಗೆ ಎಷ್ಟು ಹಟ ಇರಬೇಡ!

ಆದರೆ ಆ ಹಟ ಕಣ್ಣಿದ್ದವರು ಊಹಿಸುವ ದಿಕ್ಕಿನಲ್ಲಿ ಇರುವುದಿಲ್ಲ. ಕಣ್ಣಿದ್ದವರ ಎಣಿಕೆ ಸರಳ: ದನಿ ಮನುಷ್ಯರದರಂತಿದ್ದಷ್ಟೂ ಒಳ್ಳೆಯದು. ದೀರ್ಘಕಾಲ ಕಂಪ್ಯೂಟರ್ ಬಳಸುತ್ತ ಬಂದ ಅಂಧರಲ್ಲಿ ಅನೇಕರು ಇದಕ್ಕೆ ತದ್ವಿರುದ್ಧವಾಗಿ, ತಗಡಿನ ಡಬ್ಬಿಯೊಳಗಿಂದ ಬಂದಂತಿರುವ ಹಳೆಯ ಯಂತ್ರದ ದನಿಯನ್ನೇ ಬಿಗಿಯಾಗಿ ಹಿಡಿದುಕೊಂಡಿದ್ದಾರೆ. ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ದನಿ ಹೇಗೆ ಹುಟ್ಟುತ್ತದೆಂದು ಸ್ವಲ್ಪ ನೋಡಬೇಕು.

ನಳ್ಳಿಯ ಕೆಳಗೆ ಕೊಡ ಇಟ್ಟು ಕಿವಿಗೊಟ್ಟರೆ, ನೀರು ಏರಿದಂತೆ ಸದ್ದು ಸಣ್ಣಗಾಗುತ್ತ ಮೇಲೇರುತ್ತದೆ. ಕೊಡ ತುಂಬಿತೆಂದು ಒಳಗಿನಿಂದಲೇ ಗೊತ್ತಾಗುವುದು ಹೀಗೆ. ನೀರಿನ ಧಾರೆ ಅದೇ, ಕೊಡವೂ ಅದೇ. ಒಳಗಿನ ಗಾಳಿಯ ಜಾಗ ಕಿರಿದಾದಂತೆ ಅದು ಅನುರಣಿಸುವ ಕಂಪನಾಂಕ ಬದಲಾಗುತ್ತದೆ. ಬಾಯಿಯೂ ಅಂಥದೇ ಒಂದು ಕೊಡ. ಗಂಟಲಿನ ಧ್ವನಿತಂತುಗಳು ಒಂದೇ ಸಮನೆ ಝೇಂಕರಿಸುತ್ತವೆ. ನಾಲಿಗೆ, ತುಟಿ, ದವಡೆಗಳು ಬಾಯಿಯ ಆಕಾರವನ್ನು ಬದಲಿಸಿದಂತೆ ಅದೇ ಝೇಂಕಾರ ‘ಆ’ ಆಗುತ್ತದೆ, ‘ಈ’ ಆಗುತ್ತದೆ, ‘ಊ’ ಆಗುತ್ತದೆ. ಗಂಡಸಿನ ದನಿಯಲ್ಲಿ ‘ಈ’ಗೆ ಮೊದಲ ಅನುರಣನ ಸುಮಾರು 300 ಹರ್ಟ್ಸ್ ಬಳಿ, ಎರಡನೆಯದು 2,200ರ ಆಸುಪಾಸು. ‘ಆ’ಗೆ ಅವು 700 ಮತ್ತು 1,200ರ ಸುತ್ತ. ಈ ಶಿಖರಗಳಿಗೆ ಫಾರ್ಮೆಂಟ್ ಎಂದು ಹೆಸರು. ಸರಿಯಾದ ಶಿಖರಗಳನ್ನು ಲೆಕ್ಕಹಾಕಿ ಸ್ಪೀಕರಿಗೆ ಕಳಿಸಿದರೆ ಯಾರೂ ಬಾಯಿ ತೆರೆಯದೆಯೇ ‘ಆ’ ಕೇಳಿಸುತ್ತದೆ.

ಅಮೆರಿಕದ ಎಂಐಟಿಯಲ್ಲಿದ್ದ ಡೆನ್ನಿಸ್ ಕ್ಲ್ಯಾಟ್ ಎಂಬ ವಿಜ್ಞಾನಿ ಈ ಲೆಕ್ಕವನ್ನು ಪಳಗಿಸಿದವರು. ಅವರ ಕೆಲಸದ ಮೇಲೆ ನಿಂತ ಡೆಕ್‌ಟಾಕ್ ಎಂಬ ಯಂತ್ರ 1984ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ‘ಪರ್ಫೆಕ್ಟ್ ಪಾಲ್’ ಎಂಬ ಹೆಸರಿನ ದನಿಗೆ ಸ್ವತಃ ಕ್ಲ್ಯಾಟ್ ಅವರ ಮಾತೇ ಮಾದರಿ. 1985ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಿಂದ ಮಾತು ಕಳೆದುಕೊಂಡ ಸ್ಟೀಫನ್ ಹಾಕಿಂಗ್ ಬಳಸಿದ್ದು ಕ್ಲ್ಯಾಟ್ ಅವರ ಕೆಲಸದಿಂದಲೇ ಹುಟ್ಟಿದ ದನಿಯನ್ನು. ಮುಂದೆ ಎಷ್ಟೋ ನಯವಾದ ದನಿಗಳು ಬಂದರೂ 2018ರಲ್ಲಿ ತೀರಿಕೊಳ್ಳುವವರೆಗೆ ಅವರು ಅದನ್ನು ಬಿಡಲಿಲ್ಲ. ಅವರಿಗೆ ಅದು ತನ್ನ ಸ್ವಂತ ದನಿಯಾಗಿಬಿಟ್ಟಿತ್ತು. ಹಾಕಿಂಗ್ ಕುರುಡರಲ್ಲ, ಮಾತನಾಡಲು ಯಂತ್ರ ಬಳಸಿದವರು. ಕೇಳಲು ಬಳಸುವವರ ಕತೆ ಇನ್ನೂ ಸ್ವಾರಸ್ಯದ್ದು. ತೊಂಬತ್ತರ ದಶಕದಲ್ಲಿ ಬಂದ ಎಲೊಕ್ವೆನ್ಸ್ ಎಂಬ ಇಂಗ್ಲಿಷ್ ದನಿಗೆ ಪಶ್ಚಿಮದ ಅಂಧರು ಎಷ್ಟು ಒಗ್ಗಿಹೋದರೆಂದರೆ, 2022ರಲ್ಲಿ ಆ್ಯಪಲ್ ಕಂಪನಿ ತನ್ನ ಹೊಸ ಐಫೋನುಗಳ ತಂತ್ರಾಂಶದಲ್ಲಿ ಆ ಹಳೆಯ ದನಿಯನ್ನು ಸೇರಿಸಿತು. ಸೇರಿಸಿದಾಗ ಹಬ್ಬವಾದಂತೆ ಸಂತೋಷಪಟ್ಟವರಿದ್ದಾರೆ. ಅದೇ ತಂತ್ರಾಂಶದೊಂದಿಗೆ ಐಫೋನಿಗೆ ‘ಸೌಮ್ಯಾ’ ಎಂಬ ಕನ್ನಡದ ದನಿಯೂ ಬಂತು.

ಕನ್ನಡಕ್ಕೆ ದನಿ ಬಂದದ್ದು ಅಲ್ಲಿಂದಲೇ ಎಂದು ತಿಳಿಯಬಾರದು. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನಲ್ಲಿ ಸಿಂಪ್ಯೂಟರ್ ಎಂಬ ಅಗ್ಗದ ಕೈಗಣಕವನ್ನು ರೂಪಿಸಿದ ಗುಂಪಿನಿಂದಲೇ ‘ಧ್ವನಿ’ ಎಂಬ ತಂತ್ರಾಂಶ ಬಂತು. ಅದರ ಹಿಂದಿದ್ದವರು ರಮೇಶ್ ಹರಿಹರನ್. ಅದು ಕನ್ನಡವನ್ನೂ ಹಿಂದಿಯನ್ನೂ ಓದುತ್ತಿತ್ತು. ಬಳಿಕ ಸಂತೋಷ್ ತೋಟ್ಟಿಂಗಲ್ ಅದನ್ನು ಬೇರೆ ಭಾಷೆಗಳಿಗೂ ಒಯ್ದರು. ಅದರ ಕ್ರಮ ಲೆಕ್ಕದ್ದಲ್ಲ, ಜೋಡಣೆಯದು: ಮನುಷ್ಯರ ಮಾತಿನ ಸಣ್ಣ ಸಣ್ಣ ತುಣುಕುಗಳನ್ನು ಧ್ವನಿಮುದ್ರಿಸಿಟ್ಟುಕೊಂಡು ಬೇಕಾದಂತೆ ಪೋಣಿಸುವುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ತಂಡವೂ ಕನ್ನಡ ಮತ್ತು ತಮಿಳಿಗೆ ದನಿ ಕಟ್ಟುವ ಕೆಲಸವನ್ನು ವರ್ಷಗಟ್ಟಲೆ ಮಾಡಿತು. ಮೈಕ್ರೋಸಾಫ್ಟಿನ ಕನ್ನಡ ದನಿಗಳಿಗೆ ಗಗನ್, ಸಪ್ನಾ ಎಂಬ ಹೆಸರುಗಳಿವೆ. ಇವು ಈಚಿನವು, ಗಂಟೆಗಟ್ಟಲೆ ಮಾತನ್ನು ಯಂತ್ರಕ್ಕೆ ಕೇಳಿಸಿ, ಅದೇ ಕಲಿತು ಆಡುವಂತೆ ಮಾಡಿದವು. ಆಕಾಶವಾಣಿಯ ವಾರ್ತೆಯಷ್ಟು ನಯ ಅವುಗಳಲ್ಲಿದೆ.

ಇವೆಲ್ಲದರ ನಡುವೆ ಮೂಲೆಯಲ್ಲಿ ಕುಳಿತಿರುವ ಬಡವ ಇ-ಸ್ಪೀಕ್. ಇಂಗ್ಲೆಂಡಿನ ಜೊನಾಥನ್ ಡಡ್ಡಿಂಗ್ಟನ್ 1995ರಲ್ಲಿ ಏಕಾರ್ನ್ ಕಂಪ್ಯೂಟರುಗಳಿಗಾಗಿ ಬರೆದ ಒಂದು ಸಣ್ಣ ತಂತ್ರಾಂಶ ಬೆಳೆದು ಇ-ಸ್ಪೀಕ್ ಆಯಿತು. 2015ರ ಕೊನೆಯಿಂದ ಅದರ ಹೊಸ ಕವಲನ್ನು ಬೇರೆಯವರು ಮುಂದುವರಿಸುತ್ತಿದ್ದಾರೆ. ನೂರಕ್ಕೂ ಹೆಚ್ಚು ಭಾಷೆಗಳನ್ನು ಅದು ಓದುತ್ತದೆ; ಅವುಗಳಲ್ಲಿ ಕನ್ನಡವೂ ಒಂದು. ಎಲ್ಲ ಭಾಷೆಗಳೂ ಸೇರಿ ಅದರ ಗಾತ್ರ ಕೆಲವೇ ಮೆಗಾಬೈಟ್. ದುಡ್ಡು ಕೊಡಬೇಕಿಲ್ಲ, ಇಂಟರ್ನೆಟ್ ಬೇಕಿಲ್ಲ. ಆಸ್ಟ್ರೇಲಿಯಾದ ಮೈಕಲ್ ಕರ್ರನ್ ಮತ್ತು ಜೇಮ್ಸ್ ಟೆ ಎಂಬ ಇಬ್ಬರು ಅಂಧ ತರುಣರು ಕಟ್ಟಿದ, 2006ರಲ್ಲಿ ಆರಂಭವಾದ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರಿನ ಜೊತೆಗೇ ಇ-ಸ್ಪೀಕ್ ಬರುತ್ತದೆ. ಹೀಗಾಗಿ ಕರ್ನಾಟಕದ ಎಷ್ಟೋ ಅಂಧರು ಕಂಪ್ಯೂಟರಿನಲ್ಲಿ ಕೇಳಿದ ಮೊದಲ ಕನ್ನಡ ಇ-ಸ್ಪೀಕಿನದೇ.

ಮೊದಲ ಸಲ ಕೇಳಿದರೆ ಅದು ಕನ್ನಡ ಹೌದೋ ಅಲ್ಲವೋ ಎಂಬ ಸಂಶಯ ಬರುವುದು ನಿಜ. ಉಸಿರಿಲ್ಲ, ರಾಗವಿಲ್ಲ. ವಾಕ್ಯದ ಕೊನೆ ಎಲ್ಲಿ ಬಂದರೂ ಒಂದೇ ತೆರನಾಗಿ ಇಳಿಯುತ್ತದೆ. ಆದರೆ ವಾರ ಕಳೆಯಲಿ, ತಿಂಗಳು ಕಳೆಯಲಿ. ಕಿವಿ ಪಳಗಿದ ಮೇಲೆ ಬಳಕೆದಾರರು ಅದರ ವೇಗವನ್ನು ಏರಿಸತೊಡಗುತ್ತಾರೆ. ಸಾಮಾನ್ಯರು ಸೆಕೆಂಡಿಗೆ ಎಂಟರಿಂದ ಹತ್ತು ಅಕ್ಷರಗಳವರೆಗಿನ ವೇಗದ ಮಾತನ್ನು ಅರ್ಥ ಮಾಡಿಕೊಳ್ಳಬಲ್ಲರು. ಅಭ್ಯಾಸವಿರುವ ಅಂಧ ಕೇಳುಗರು ಸೆಕೆಂಡಿಗೆ 22 ಅಕ್ಷರಗಳವರೆಗೂ ಹಿಂಬಾಲಿಸಬಲ್ಲರೆಂದು ಜರ್ಮನಿಯ ಟ್ಯೂಬಿಂಗನ್ ಸಂಶೋಧಕರು ಕಂಡುಕೊಂಡಿದ್ದಾರೆ. ಪಕ್ಕದಲ್ಲಿ ಕುಳಿತವರಿಗೆ ಅದು ಜೀರುಂಡೆಯ ಸದ್ದಿನಂತೆ ಕೇಳಿಸುತ್ತದೆ. ಕಣ್ಣಿದ್ದವರು ಪೇಪರಿನ ಪುಟದ ಮೇಲೆ ಸರ್ರನೆ ಕಣ್ಣಾಡಿಸಿ ಬೇಕಾದ ಸುದ್ದಿಗೆ ನಿಲ್ಲುವಂತೆ ಇವರು ಕಿವಿಯಾಡಿಸುತ್ತಾರೆ. ಈ ವೇಗದಲ್ಲಿ ಮನುಷ್ಯರ ದನಿಯನ್ನು ಹೋಲುವ ದನಿಗಳು ಕಲಸಿಹೋಗುತ್ತವೆ. ಲೆಕ್ಕದಿಂದ ಹುಟ್ಟಿದ ದನಿಯಲ್ಲಿ ಪ್ರತಿಯೊಂದು ಅಕ್ಷರವೂ ಅಚ್ಚಿನ ಮೊಳೆಯಂತೆ ಬೇರೆ ಬೇರೆ ನಿಲ್ಲುತ್ತದೆ. ಬೆರಳು ಮುಟ್ಟಿದ ಕೂಡಲೇ ಅದು ಉತ್ತರ ಕೊಡುತ್ತದೆ. ನಯವಾದ ದನಿ, ಅದರಲ್ಲೂ ಅಗ್ಗದ ಫೋನಿನಲ್ಲಿ, ಒಂದು ಕ್ಷಣ ತಡೆದು ಆಮೇಲೆ ಬಾಯಿ ತೆರೆಯುತ್ತದೆ. ಒಂದು ಕ್ಷಣವೆಂದರೆ ಏನು ಮಹಾ ಎನ್ನಬಹುದು. ದಿನಕ್ಕೆ ಸಾವಿರ ಸಲ ಆ ಒಂದು ಕ್ಷಣವನ್ನು ಕಾಯುವವರಿಗೆ ಅದು ಮಹಾ.

ವೇಗದ ಮಾತು ಬಂದಾಗ ಕನ್ನಡದ್ದೇ ಒಂದು ತೊಡಕಿದೆ. ಕನ್ನಡದ ವಾಕ್ಯದ ಜೀವ ಅದರ ಬಾಲದಲ್ಲಿರುತ್ತದೆ. ‘ನಿಮ್ಮ ಖಾತೆಗೆ ಹಣ ಜಮಾ ಆಗಿದೆ’, ‘ನಿಮ್ಮ ಖಾತೆಗೆ ಹಣ ಜಮಾ ಆಗಿಲ್ಲ’ ಈ ಎರಡು ವಾಕ್ಯಗಳ ವ್ಯತ್ಯಾಸ ಕೊನೆಯ ಒಂದೂವರೆ ಅಕ್ಷರದಲ್ಲಿದೆ. ನಯವಾದ ದನಿಗಳು ಮನುಷ್ಯರನ್ನು ಅನುಕರಿಸುವ ಭರದಲ್ಲಿ ಕೊನೆಯನ್ನು ಮೆಲ್ಲಗೆ ಇಳಿಸುತ್ತವೆ. ವೇಗ ಹೆಚ್ಚಿಸಿದರೆ ಆ ಬಾಲ ನುಂಗಿಹೋಗುತ್ತದೆ. ಕತೆ ಮತ್ತು ಕತ್ತೆ, ಹುಲಿ ಮತ್ತು ಹುಳಿ, ಆಳು ಮತ್ತು ಹಾಳು — ಶಾಲೆಯಲ್ಲಿ ಉಕ್ತಲೇಖನ ಬರೆಸುವವರಿಗೆ ಈ ಜೋಡಿಗಳ ಮಹತ್ವ ಗೊತ್ತು. ಪಿಂಚಣಿ ಬಂತೇ, ಬಂದಿದ್ದರೆ ಎಷ್ಟು, ಬ್ಯಾಂಕು ಕಳಿಸಿದ ಆರಂಕಿಯ ಗುಟ್ಟಿನ ಸಂಖ್ಯೆ ಏನು ಎಂಬುದನ್ನು ಪಕ್ಕದ ಮನೆಯ ಹುಡುಗನಿಂದ ಓದಿಸಿಕೊಳ್ಳಬೇಕಾದ ಕಾಲ ಈ ದನಿಗಳಿಂದ ಮುಗಿದಿದೆ. ಮುಗಿಯಬೇಕಾದರೆ ದನಿ ತಪ್ಪು ಹೇಳಬಾರದು. ಇಂಪು ಆಮೇಲಿನ ಮಾತು.

ಹಾಗೆಂದು ತಗಡಿನ ದನಿಯೇ ಶ್ರೇಷ್ಠವೆಂದು ವಾದಿಸಹೊರಟರೆ ಕಡಬದ ಮಳೆ ಒಪ್ಪುವುದಿಲ್ಲ. ಜುಲೈ ತಿಂಗಳಲ್ಲಿ ಶೀಟಿನ ಮಾಡಿನ ಕೆಳಗೆ ನಿಂತವರಿಗೆ ಎದುರಿಗೆ ನಿಂತು ಆಡಿದ ಮಾತೇ ಕೇಳಿಸುವುದಿಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪಿಸೋನಿ ಮತ್ತು ಸಂಗಡಿಗರು ಎಂಬತ್ತರ ದಶಕದಲ್ಲಿ ನಡೆಸಿದ ಪ್ರಯೋಗಗಳು ಒಂದು ವಿಷಯ ತೋರಿಸಿದವು: ಗದ್ದಲ ಹೆಚ್ಚಾದಂತೆ ಮನುಷ್ಯರ ಮಾತಿಗಿಂತ ಯಂತ್ರದ ಮಾತು ಬೇಗ ಕೆಡುತ್ತದೆ. ಮನುಷ್ಯರ ಮಾತಿನಲ್ಲಿ ಒಂದೇ ಅಕ್ಷರವನ್ನು ಗುರುತಿಸಲು ಹತ್ತು ಸುಳಿವುಗಳಿರುತ್ತವೆ, ಮಳೆ ಐದನ್ನು ಅಳಿಸಿದರೂ ಐದು ಉಳಿಯುತ್ತವೆ. ಲೆಕ್ಕದ ದನಿಯಲ್ಲಿ ಸುಳಿವುಗಳೇ ಕಡಿಮೆ. ಆದ್ದರಿಂದ ಒಬ್ಬರೇ ವ್ಯಕ್ತಿ ಮನೆಯೊಳಗೆ ಕಡತ ಓದಲು ಇ-ಸ್ಪೀಕನ್ನೂ, ಬಸ್ ಸ್ಟ್ಯಾಂಡಿನಲ್ಲಿ ನಿಧಾನವಾದ ನಯದ ದನಿಯನ್ನೂ ಇಟ್ಟುಕೊಳ್ಳುವುದರಲ್ಲಿ ಚಂಚಲತೆಯೇನೂ ಇಲ್ಲ. ಕತ್ತಿ ಒಂದು, ಹಾರೆ ಒಂದು. ರಾತ್ರಿ ಕಾದಂಬರಿ ಕೇಳಲು ಇನ್ನೊಂದು ದನಿ ಬೇಕಾಗಬಹುದು. ಇಲ್ಲಿ ಅಭಿಪ್ರಾಯಗಳು ಎರಡಾಗುತ್ತವೆ. ಕತೆಗೆ ಭಾವವಿರುವ ದನಿಯೇ ಬೇಕೆನ್ನುವವರು ಇದ್ದಾರೆ. ಭಾವವನ್ನು ತಾವೇ ಹಾಕಿಕೊಳ್ಳುತ್ತೇವೆ, ಯಂತ್ರ ಅಕ್ಷರ ಕೊಟ್ಟರೆ ಸಾಕು, ಅದು ಅಳುವುದೂ ನಗುವುದೂ ಬೇಡ ಎನ್ನುವವರೂ ಇದ್ದಾರೆ. ಎರಡನೆಯವರ ಮಾತಿನಲ್ಲಿ ಹುರುಳಿದೆ. ಕಣ್ಣಿನಿಂದ ಓದುವವರಿಗೆ ಪುಸ್ತಕದ ಅಚ್ಚು ಎಂದಾದರೂ ಅತ್ತು ತೋರಿಸುತ್ತದೆಯೆ?

ಇ-ಸ್ಪೀಕಿನಲ್ಲಿ ಆಟವಾಡುವ ಅವಕಾಶವೂ ಇದೆ. ಗಂಡು ದನಿ, ಹೆಣ್ಣು ದನಿ, ಪಿಸುದನಿ, ಕಪ್ಪೆಯಂತೆ ವಟಗುಟ್ಟುವ ದನಿ ಎಂದು ಹತ್ತಾರು ಬಗೆಗಳು. ಏರಿಳಿತ, ವೇಗ, ಸ್ಥಾಯಿ ಎಲ್ಲವನ್ನೂ ತಿರುಪಬಹುದು. ಅಲ್ಪವಿರಾಮ, ಪೂರ್ಣವಿರಾಮಗಳನ್ನು ಬಾಯಿಬಿಟ್ಟು ಹೇಳಬೇಕೆ, ಸುಮ್ಮನೆ ನಿಲ್ಲಬೇಕೆ ಎಂಬುದನ್ನೂ ಆರಿಸಬಹುದು. ಪತ್ರ ತಿದ್ದುವಾಗ ಹೇಳಬೇಕು, ಕತೆ ಕೇಳುವಾಗ ಬಾಯಿ ಮುಚ್ಚಿರಬೇಕು.

ಕಡಬದಿಂದ ಮುಂದಕ್ಕೆ ಹೊರಟರೆ ದನಿಗಳಿಗೆ ನಿಜವಾದ ಪರೀಕ್ಷೆ ಊರ ಹೆಸರುಗಳಲ್ಲಿದೆ. ಮರ್ದಾಳ, ಕೋಡಿಂಬಾಳ, ಬಿಳಿನೆಲೆ, ನೂಜಿಬಾಳ್ತಿಲ, ಬೆಳಂದೂರು. ಇಲ್ಲಿ ಹೆಜ್ಜೆಗೊಂದು ‘ಳ’ಕಾರ. ಈ ಅಕ್ಷರ ಹೇಳುವಾಗ ನಾಲಿಗೆಯ ತುದಿ ಮೇಲಕ್ಕೆ ಮಡಚಿಕೊಳ್ಳುತ್ತದೆ, ಮೂರನೆಯ ಅನುರಣನ ಕೆಳಗಿಳಿಯುತ್ತದೆ. ಆ ಸಣ್ಣ ಇಳಿತ ತಪ್ಪಿದರೆ ಬಿಳಿನೆಲೆ ಬಿಲಿನೆಲೆಯಾಗುತ್ತದೆ. ಕನ್ನಡದಲ್ಲಿ ಬರೆದಿದ್ದರೆ ಕನ್ನಡದ ದನಿ ಸರಿಯಾಗಿ ಓದಬಲ್ಲದು. ಆದರೆ ನಕ್ಷೆಗಳಲ್ಲಿ, ಟಿಕೆಟುಗಳಲ್ಲಿ, ಮೆಸೇಜುಗಳಲ್ಲಿ ಊರ ಹೆಸರು ಬಹುಪಾಲು ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತದೆ. ಆಗ ಓದುವುದು ಇಂಗ್ಲಿಷಿನ ದನಿ. ಕಡಬವೆಂಬ ಹಗುರಾದ ಮೂರಕ್ಷರದ ಹೆಸರು ಅದರ ಬಾಯಲ್ಲಿ ‘ಕಡಾಬಾ’ ಎಂದು ಎಳೆದುಕೊಂಡು ಯಾವುದೋ ಪರದೇಶದ ಊರಾಗುತ್ತದೆ.

ಇನ್ನೂ ಒಂದು ಮೋಜಿದೆ. ಮರ್ದಾಳದ ಬಳಿಯ ಒಂದು ಗ್ರಾಮಕ್ಕೆ 102 ನೆಕ್ಕಿಲಾಡಿ ಎಂದೇ ಹೆಸರು. ಉಪ್ಪಿನಂಗಡಿಯ ಪಕ್ಕದಲ್ಲಿ ಇರುವುದು 34 ನೆಕ್ಕಿಲಾಡಿ. ಎರಡು ನೆಕ್ಕಿಲಾಡಿಗಳು ಗೊಂದಲವಾಗಬಾರದೆಂದು ಅಂಕಿ ಹೆಸರಿನ ಭಾಗವಾಗಿದೆ. ಇದನ್ನು ಯಂತ್ರ ಹೇಗೆ ಓದಬೇಕು? ‘ನೂರ ಎರಡು’ ಎಂದೆ, ‘ಒನ್ ನಾಟ್ ಟು’ ಎಂದೆ, ‘ಒಂದು ಸೊನ್ನೆ ಎರಡು’ ಎಂದೆ? ‘ನೂರ ಎರಡನೇ ನೆಕ್ಕಿಲಾಡಿ’ ಎಂದರೆ ಊರವರಿಗೆ ತಿಳಿಯುತ್ತದೆ. ಫೋನ್ ನಂಬರನ್ನಾದರೆ ಒಂದೊಂದೇ ಅಂಕಿಯಾಗಿ ಓದಬೇಕು, ರೂಪಾಯಿಯನ್ನಾದರೆ ಸಾವಿರ ನೂರು ಎಂದು ಕೂಡಿಸಿ ಓದಬೇಕು. ಮನುಷ್ಯರು ಯೋಚಿಸದೆ ಮಾಡುವ ಈ ವಿವೇಚನೆಯನ್ನು ಯಂತ್ರಕ್ಕೆ ಯಾರಾದರೂ ಕುಳಿತು ಬರೆದುಕೊಡಬೇಕು.

ಕೆಲವೆಡೆ ಯಾವ ದನಿಯೂ ಕೈಹಿಡಿಯುವುದಿಲ್ಲ. ಯೂನಿಕೋಡ್ ಬರುವ ಮೊದಲಿನ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಹಳೆಯ ಕಡತಗಳು ಪರದೆಯ ಮೇಲೆ ಕನ್ನಡದಂತೆ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳೇ ಆಗಿರುತ್ತವೆ. ಅಲ್ಲಿ ‘ಕಡಬ’ ಎಂಬ ಪದ ಎದುರಾದರೆ ಸ್ಕ್ರೀನ್ ರೀಡರಿಗೆ ಸಿಗುವುದು ಪಿ, ಕ್ಯೂ, ನಡುವೆ ಚಿಹ್ನೆಗಳು, ಕೊನೆಗೊಂದು ಸೆಕ್ಷನ್ ಗುರುತು. ಕಣ್ಣಿಗೆ ಅಚ್ಚುಕಟ್ಟಾದ ಆದೇಶ, ಕಿವಿಗೆ ಬರೀ ಕಸ.

ಈ ತಾಲೂಕಿನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೇರೆಯೇ ಇದೆ. ಕಡಬದ ಸಂತೆಯಲ್ಲಿ ನಿಂತರೆ ಕಿವಿಗೆ ಬೀಳುವುದು ಕನ್ನಡವೊಂದೇ ಅಲ್ಲ. ತುಳುವೇ ಮುಂದು. ಜೊತೆಗೆ ಬ್ಯಾರಿ, ಅರೆಭಾಷೆ, ಹವ್ಯಕರ ಕನ್ನಡ, ಕೊಂಕಣಿ. ಕೇರಳದಿಂದ ಬಂದು ರಬ್ಬರ್ ಬೆಳೆಸಿದ ಕುಟುಂಬಗಳ ಮಲಯಾಳ. ಮಲಯಾಳಕ್ಕೆ ತನ್ನದೇ ಲಿಪಿ ಇರುವುದರಿಂದ ಫೋನು ಲಿಪಿ ನೋಡಿ ಮಲಯಾಳದ ದನಿಗೆ ಹೊರಳಬಲ್ಲದು. ತುಳು, ಬ್ಯಾರಿ, ಅರೆಭಾಷೆಗಳು ಮೊಬೈಲಿನಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರಗಳನ್ನೇ ತೊಟ್ಟು ಬರುತ್ತವೆ. ವೇಷ ಒಂದೇ, ಪಾತ್ರ ಬೇರೆ. ಯಂತ್ರ ವೇಷವನ್ನು ಮಾತ್ರ ನೋಡುತ್ತದೆ.

ತುಳುವಿನ ಒಂದೇ ಉದಾಹರಣೆ ಸಾಕು. ‘ಯಾನ್ ಪೋಪೆ’ ಎಂದರೆ ನಾನು ಹೋಗುತ್ತೇನೆ, ‘ಆಯೆ ಪೋಪೆ’ ಎಂದರೆ ಅವನು ಹೋಗುತ್ತಾನೆ. ಬರೆಯುವಾಗ ಎರಡಕ್ಕೂ ಒಂದೇ ‘ಪೋಪೆ’. ಆಡುವಾಗ ಹಾಗಲ್ಲ. ‘ನಾನು’ ಎಂಬ ಅರ್ಥದಲ್ಲಿ ಕೊನೆಯ ಸ್ವರ ಬಾಯಿ ತೆರೆದು ಬರುವ ‘ಎ’, ಆ ಮತ್ತು ಎಗಳ ನಡುವಿನದು. ‘ಅವನು’ ಎಂಬ ಅರ್ಥದಲ್ಲಿ ಕನ್ನಡದ ಸಾಮಾನ್ಯ ‘ಎ’. ಮಗ ತಾಯಿಗೆ ‘ಎಲ್ಲೆ ಪುತ್ತೂರುಗು ಪೋಪೆ’ ಎಂದು ಬರೆದು ಕಳಿಸಿದನೆನ್ನಿ. ಕಣ್ಣಿದ್ದ ತಾಯಿ ಓದುತ್ತ ತಾನೇ ಸರಿಯಾದ ಸ್ವರ ಹಾಕಿಕೊಳ್ಳುತ್ತಾಳೆ. ಕಣ್ಣು ಕಾಣದ ತಾಯಿಗೆ ಕನ್ನಡದ ದನಿ ಓದಿ ಹೇಳಿದರೆ ನಾಳೆ ಪುತ್ತೂರಿಗೆ ಹೋಗುವವನು ಬೇರೆ ಯಾರೋ ಆಗುತ್ತಾನೆ. ಬರಹ ಎರಡೂ ಅರ್ಥಕ್ಕೆ ಜಾಗ ಬಿಟ್ಟಿತ್ತು. ಯಂತ್ರ ಒಂದನ್ನು ತೀರ್ಮಾನಿಸಿಬಿಟ್ಟಿತು. ಪದದ ಕೊನೆಯ ಅರ್ಧ ಉಕಾರದ ಗತಿಯೂ ಹೀಗೆಯೇ. ತುಳುವಿನಲ್ಲಿ ‘ಇಲ್ಲ್’ ಎಂದರೆ ಮನೆ. ಕನ್ನಡದ ದನಿ ಆ ಅರ್ಧ ಉಕಾರವನ್ನು ಕತ್ತರಿಸಿ ಒಗೆಯುತ್ತದೆ. ವೇಗದಲ್ಲಿ ಕೇಳಿದವರಿಗೆ ಮನೆ ಹೋಗಿ ‘ಇಲ್ಲ’ ಉಳಿಯುತ್ತದೆ.

ಸಾಫ್ಟ್‌ವೇರ್ ಕಂಪನಿಗಳು ತುಳುವನ್ನು ಪೂರ್ತಿ ಮರೆತಿಲ್ಲ. 2024ರ ಜೂನ್‌ನಲ್ಲಿ ಗೂಗಲ್ ತನ್ನ ಅನುವಾದ ಸೇವೆಗೆ ತುಳುವನ್ನು ಸೇರಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ಸಿಕ್ಕಿತು. ಬರಹಕ್ಕೆ ಇವು ಸಂತೋಷದ ಸುದ್ದಿಗಳು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಭಾಷಿಣಿ ಯೋಜನೆ ಮಾತಿನ ತಂತ್ರಜ್ಞಾನವನ್ನೇ ಹಿಡಿದು ಹೊರಟದ್ದು. ಅದು ಮುಂದಿಟ್ಟುಕೊಂಡದ್ದು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳನ್ನು, ತುಳು ಆ ಪಟ್ಟಿಯಲ್ಲಿಲ್ಲ. ಪಟ್ಟಿಗೆ ಸೇರಿಸಬೇಕೆಂಬ ಬೇಡಿಕೆಯನ್ನು ಹೊರಗಿನವರು ಅಭಿಮಾನದ ಪ್ರಶ್ನೆಯೆಂದು ನೋಡುವುದುಂಟು. ಮಗನ ಮೆಸೇಜು ಕೇಳಲು ಕುಳಿತ ತಾಯಿಗೆ ಅದು ಅಷ್ಟೇ ಅಲ್ಲ.

ಇಲ್ಲಿ ಮತ್ತೆ ಮೂಲೆಯ ಬಡವನ ನೆನಪಾಗುತ್ತದೆ. ನಯವಾದ ಹೊಸ ದನಿ ಕಟ್ಟಲು ಗಂಟೆಗಟ್ಟಲೆ ಧ್ವನಿಮುದ್ರಣ ಬೇಕು, ದೊಡ್ಡ ಕಂಪ್ಯೂಟರುಗಳು ಬೇಕು, ದುಡ್ಡು ಬೇಕು. ಇ-ಸ್ಪೀಕಿಗೆ ಒಂದು ಭಾಷೆ ಕಲಿಸಲು ಬೇಕಾದದ್ದು ಮುಖ್ಯವಾಗಿ ಎರಡು ಪಠ್ಯ ಕಡತಗಳು. ಯಾವ ಅಕ್ಷರಕ್ಕೆ ಯಾವ ಉಚ್ಚಾರ ಎಂಬ ನಿಯಮಗಳದೊಂದು, ನಿಯಮಕ್ಕೆ ಸಿಗದ ಪದಗಳದಿನ್ನೊಂದು. ಕನ್ನಡಕ್ಕೆ ಹೀಗೆಯೇ ಆದದ್ದು. ತೆರೆದ ‘ಎ’ಗೂ ಅರ್ಧ ಉಕಾರಕ್ಕೂ ಸರಿಯಾದ ಶಿಖರಗಳನ್ನು ಅಳೆದು ಕೊಟ್ಟರೆ ಅದು ನುಡಿಯಬಲ್ಲದು. ‘ಪೋಪೆ’ ಯಾರದೆಂಬುದನ್ನು ಮಾತ್ರ ಹಿಂದು ಮುಂದಿನ ಪದ ನೋಡಿಯೇ ತೀರ್ಮಾನಿಸಬೇಕು. ಅದಕ್ಕೆ ವ್ಯಾಕರಣ ಬಲ್ಲವರ ನೆರವು ಬೇಕು. ಇಂಪಿನ ದನಿ ಆಗುವುದಿಲ್ಲ. ತಗಡಿನ ತುಳುವೇ ಆದೀತು.

ಬಸ್ಸು ಮರ್ದಾಳ, ಬಿಳಿನೆಲೆ ದಾಟಿ ನೆಟ್ಟಣದ ಕಡೆಗೆ ಹೊರಳಿದರೆ ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣ. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ಪೂರ್ತಿಯಾದದ್ದು 1979ರಲ್ಲಿ. ತೊಂಬತ್ತರ ದಶಕದಲ್ಲಿ ಹಳಿ ಬದಲಿಸಲೆಂದು ನಿಲ್ಲಿಸಿದ ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಇಲ್ಲಿಂದ ಸಕಲೇಶಪುರದವರೆಗಿನ ಘಟ್ಟದಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳಿವೆ. ಕಿಟಕಿಯ ಸೀಟಿಗಾಗಿ ಜಗಳವಾಡುವವರು ಸುರಂಗ ಬಂದರೆ ಏನೂ ಕಾಣಲಿಲ್ಲವೆಂದು ಬೇಸರಿಸುತ್ತಾರೆ. ಕಿವಿಯಿಂದ ದಾರಿ ನೋಡುವವರಿಗೆ ಪ್ರತಿ ಸುರಂಗವೂ ಬೇರೆ. ಉದ್ದದ್ದು, ಗಿಡ್ಡದ್ದು, ತಿರುವಿನದು, ನೀರು ಸುರಿಯುವುದು. ಸುರಂಗ ಮುಗಿದ ಕೂಡಲೇ ಸದ್ದು ಕಳಚಿ ಬಿದ್ದರೆ ಕೆಳಗೆ ಕಣಿವೆ, ಸೇತುವೆ.

ರೈಲಿನ ಪ್ರಕಟಣೆಗಳೂ ಪೋಣಿಸಿದ ದನಿಗಳೇ. ಗಾಡಿಯ ಸಂಖ್ಯೆ, ಊರ ಹೆಸರು, ಪ್ಲಾಟ್‌ಫಾರಂ ಅಂಕಿ ಎಂದು ಬೇರೆ ಬೇರೆಯಾಗಿ ಧ್ವನಿಮುದ್ರಿಸಿಟ್ಟ ತುಣುಕುಗಳನ್ನು ಯಂತ್ರ ಜೋಡಿಸುತ್ತದೆ. ಗಮನವಿಟ್ಟು ಕೇಳಿದರೆ ಬೆಸುಗೆಯ ಜಾಗ ಗೊತ್ತಾಗುತ್ತದೆ. ಊರ ಹೆಸರಿನ ಬಳಿ ದನಿ ಒಂದು ಮೆಟ್ಟಿಲು ಹತ್ತುತ್ತದೆ. ಪ್ರಕಟಣೆ ಶುರುವಾದಾಗ ನಮ್ಮ ಪ್ರಯಾಣಿಕರು ಎರಡು ಬೆರಳಿನಿಂದ ಪರದೆಯನ್ನು ತಟ್ಟಿ ತಮ್ಮ ಫೋನಿನ ಬಾಯಿ ಮುಚ್ಚಿಸುತ್ತಾರೆ, ಒಂದು ಕಿವಿಯ ಇಯರ್‌ಫೋನ್ ತೆಗೆಯುತ್ತಾರೆ. ಗಾಡಿ ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆಂದು ತಿಳಿದ ಮೇಲೆ ಮತ್ತೆ ಹಾಕಿಕೊಂಡು, ನಿಂತಲ್ಲಿಂದಲೇ ವೇಗವನ್ನು ಹಿಂದಿನ ಮಟ್ಟಕ್ಕೆ ಏರಿಸಿ, ಅರ್ಧ ಓದಿದ ಸುದ್ದಿಗೆ ಮರಳುತ್ತಾರೆ.